ಮೊಟ್ಟೆ ಸುಲಿಯೋಕೆ 30 ಪೈಸೆ

ಇವತ್ತಿನ ಸಂಚಿಕೆ ಬೇಯಿಸಿದ ಮೊಟ್ಟೆ ಸುಲಿಯೋದರ ಬಗ್ಗೆ. ನಗಬೇಡಿ, ಇದಕ್ಕೂ ಒಂದು ಇತಿಹಾಸ ಇದೆ.

ಪಾವಗಡ ಕಡೆಯ ಒಂದು ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಒಂದು ಬೆಳಗ್ಗೆ ಕೂತಿದ್ದೆ. ನೂರು ಮೊಟ್ಟೆ ಬೆಂದಿದ್ದವು. ಕೆಲವು ಸಲೀಸಾಗಿ ಸುಲಿದು ಬಂದವು. ಕೆಲವದ್ದು ಸಿಪ್ಪೆ ಜೊತೆ ಬಿಳಿ ಭಾಗವೂ ಕಿತ್ತು ಬಂತು. "ಇವು ಹೊಸ ಮೊಟ್ಟೆ ಕಣಪ್ಪ, ಅದಕ್ಕೇ ಬಿಡ್ತಿಲ್ಲ" ಅಂದರು ಅಡುಗೆ ಅಕ್ಕ.

ಅಕ್ಕ ಹೇಳಿದ್ದು ಸರಿ. ಹೊಸ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತೆ. ಹಾಗಾಗಿ ಬೆಂದಾಗ ಬಿಳಿ ಒಳಪೊರೆಗೆ ಅಂಟಿಕೊಳ್ಳುತ್ತೆ. ದಿನ ಕಳೆದಂತೆ ಅನಿಲ ಸಿಪ್ಪೆಯ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತೆ, ಪಿಎಚ್ ಸುಮಾರು 8ರಿಂದ 9ರ ಮೇಲಕ್ಕೆ ಏರುತ್ತೆ, ಅಂಟು ಸಡಿಲವಾಗುತ್ತೆ.

ಮನೆಯಲ್ಲಿ ನಾಟಿಕೋಳಿ ಇಟ್ಟ ಒಂದೆರಡು ಮೊಟ್ಟೆ ಬೇಯಿಸುತ್ತಿದ್ದ ಕಾಲಕ್ಕೆ ಇದು ಯಾರಿಗೂ ಸಮಸ್ಯೆ ಆಗಿರಲಿಲ್ಲ. ಮೊಟ್ಟೆ ಶಾಲೆಗೆ ಬಂದ ಮೇಲೆ ಲೆಕ್ಕ ಬದಲಾಯಿತು. ತಮಿಳುನಾಡು 1989ರಲ್ಲೇ ಶಾಲೆ ಊಟಕ್ಕೆ ಮೊಟ್ಟೆ ಸೇರಿಸಿತ್ತು. ನಮ್ಮಲ್ಲಿ ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲಿ, ಮೊಟ್ಟೆ ಬಂದಿದ್ದು 2021ರ ಡಿಸೆಂಬರ್‌ನಲ್ಲಿ. ಅದೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮಾತ್ರ. 2022ರಲ್ಲಿ ಇಡೀ ರಾಜ್ಯಕ್ಕೆ, ವರ್ಷಕ್ಕೆ 46 ದಿನ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ.

ಮಕ್ಕಳು ಮೊಟ್ಟೆ ತಿನ್ನಬೇಕೋ ಬೇಡವೋ ಅಂತ ಮಠಗಳಿಂದ ಟಿವಿವರೆಗೂ ಜಗಳ ಆಯಿತು. ಸುಲಿಯೋರು ಯಾರು ಅಂತ ಹೆಚ್ಚು ಜನ ಕೇಳಲಿಲ್ಲ. ಸರ್ಕಾರ ಮೊಟ್ಟೆಗೆ 6 ರೂಪಾಯಿ ಕೊಟ್ಟಾಗ ಅದರಲ್ಲಿ ಬೇಯಿಸೋಕೆ 50 ಪೈಸೆ, ಸುಲಿಯೋಕೆ 30 ಪೈಸೆ ಅಂತ ಲೆಕ್ಕ ಹಾಕಿತ್ತು.

ನಾನು ಬಿಕಾಂ ಓದಿದವನು, ಗುಣಿಸದೆ ಇರೋಕಾಗಲ್ಲ. ನೂರು ಮೊಟ್ಟೆಗೆ 30 ರೂಪಾಯಿ. ಒಂದಕ್ಕೆ 20 ಸೆಕೆಂಡ್ ಹಿಡಿದರೆ ಸುಮಾರು ಅರ್ಧ ಗಂಟೆ. ಅಂಟಿಕೊಂಡು 40 ಸೆಕೆಂಡ್ ಆದರೆ ಒಂದು ಗಂಟೆ ದಾಟುತ್ತೆ, ಕೂಲಿ ಮಾತ್ರ ಅದೇ 30 ರೂಪಾಯಿ. ಇತ್ತ ಅನ್ನ, ಸಾಂಬಾರು ಕಾಯ್ತಿರುತ್ತೆ, ಊಟದ ಬೆಲ್ಲು ಕಾಯಲ್ಲ.

ಹಾಗಾಗಿ ಅಕ್ಕನ ಉಪಾಯಗಳು ಬರೀ ಕಿಚನ್ ಟಿಪ್ಸ್ ಅಲ್ಲ. ಬಂದ ಟ್ರೇಗಳನ್ನು ಎರಡು ಮೂರು ದಿನ ಬಿಟ್ಟು ಬೇಯಿಸೋದು. ನೀರು ಕುದಿ ಬಂದ ಮೇಲೆ ಸೌಟಿನಲ್ಲಿ ಮೆಲ್ಲಗೆ ಮೊಟ್ಟೆ ಇಳಿಸೋದು, ಆಗ ಬಿಳಿ ಬೇಗ ಗಟ್ಟಿಯಾಗಿ ಪೊರೆ ಬಿಡುತ್ತೆ. ಬೆಂದ ತಕ್ಷಣ ತಣ್ಣೀರಿಗೆ ಹಾಕೋದು. ಗಾಳಿ ಇರುವ ಅಗಲದ ತುದಿಯಿಂದ ಒಡೆದು ಸುಲಿಯೋದು.

ಬರಗಾಲದ ತಾಲ್ಲೂಕಲ್ಲವಾ, ಆ ತಣ್ಣೀರೂ ವೇಸ್ಟ್ ಆಗಲ್ಲ. ಅಕ್ಕ ಅದನ್ನು ಶಾಲೆಯ ನುಗ್ಗೆ ಗಿಡಕ್ಕೆ ಸುರಿದರು.

ಮುಂದಿನ ಸಲ ಮೊಟ್ಟೆ ಸುಲಿಯುವಾಗ ಸೆಕೆಂಡ್ ಎಣಿಸಿ ನೋಡಿ. ಆಮೇಲೆ ಅದನ್ನ ನೂರರಿಂದ ಗುಣಿಸಿ. ಸಿಗೋಣ.