ರೈಲಿಗಿಂತ ಮೊದಲು ಬಂದ ಕ್ಯಾಮರಾ

ವಿಜಯಪುರ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗೋಳಗುಮ್ಮಟ, ಇಬ್ರಾಹಿಂ ರೋಜಾ. ಆ ಜಿಲ್ಲೆಯ ರೈಲುಸೇತುವೆಯೊಂದರ ಚಿತ್ರ ಯಾರ ಮನಸ್ಸಿಗೂ ಬಾರದು. ಕಟ್ಟಡಗಳ ಹಿರಿಮೆಯೊಂದೇ ಇದಕ್ಕೆ ಕಾರಣವಲ್ಲ. ಆ ಸೀಮೆಗೆ ಕ್ಯಾಮರಾ ಬಂದ ಬಗೆಯೂ ಒಂದು ಕಾರಣ.

1855ರಲ್ಲಿ ಮುಂಬಯಿ ಸರಕಾರವು ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬವನನ್ನು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅವನೂ ಇತರರೂ ತೆಗೆದ ಬಿಜಾಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಬಂದವು. ಅದಕ್ಕೆ ಇತಿಹಾಸ ಬರೆದವನು ಸುರಪುರದವರು ಇಂದಿಗೂ ನೆನೆಯುವ ಮೆಡೋಸ್ ಟೇಲರ್. ವಾಸ್ತುವಿವರಣೆ ಜೇಮ್ಸ್ ಫರ್ಗುಸನ್ನನದು. ಹೀಗೆ ಈ ಸೀಮೆಯ ಗತವೈಭವ ಜಗತ್ತಿನ ಕಣ್ಣಿಗೆ ಬಿತ್ತು.

ಅದೇ 1855ರಲ್ಲಿ ಫ್ರಾನ್ಸಿನ ಎಡ್ವಾರ್ ಬಾಲ್ಡ್ಯೂಸ್ ಬೇರೊಂದು ದಾರಿ ಹಿಡಿದಿದ್ದ. ವಿಕ್ಟೋರಿಯಾ ರಾಣಿಗೆ ಒಪ್ಪಿಸಲೆಂದು ಅವನು ಸಿದ್ಧಪಡಿಸಿದ ಆಲ್ಬಮ್ಮಿನಲ್ಲಿ ಹೊಸ ರೈಲುನಿಲ್ದಾಣಗಳೂ ಹಳೆಯ ಇಗರ್ಜಿಗಳೂ ಸರಿಸಮನಾಗಿ ಕುಳಿತವು. ಓಡುವ ಬಂಡಿಯನ್ನು ಹಿಡಿಯುವ ಶಕ್ತಿ ಅಂದಿನ ಕ್ಯಾಮರಾಕ್ಕೆ ಇರಲಿಲ್ಲ. ಆದರೆ ಕಬ್ಬಿಣದ ಕಮಾನಿನಲ್ಲೂ ಸೌಂದರ್ಯವುಂಟೆಂದು ಬಾಲ್ಡ್ಯೂಸ್ ಕಂಡುಕೊಂಡ. ಮುಂದೆ 1902ರಲ್ಲಿ ಅಮೆರಿಕದ ಸ್ಟೀಗ್ಲಿಟ್ಸ್ ಹೊಗೆಯುಗುಳುತ್ತ ಬರುವ ಎಂಜಿನ್ನಿನ ಚಿತ್ರಕ್ಕೆ 'ಮನುಷ್ಯನ ಕೈ' ಎಂದು ಹೆಸರಿಟ್ಟ. ಹೊಗೆಯೂ ಕಲೆಯಾಯಿತು.

ನಮ್ಮಲ್ಲಿ ಆ ಕೈ ಯಾರದು? 1876-78ರ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ತತ್ತರಿಸಿತು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳೆಲ್ಲ ಆಗ ಅದೇ ಜಿಲ್ಲೆಯ ತಾಲ್ಲೂಕುಗಳು. ರೈಲು ಸೊಲ್ಲಾಪುರಕ್ಕೆ 1860ರಲ್ಲೇ ಬಂದಿತ್ತು. ಅಲ್ಲಿಂದೀಚೆಗೆ ಕಾಳು ಬರಬೇಕಾದರೆ ಚಕ್ಕಡಿಯೇ ಗತಿ. ಬರದ ಪಾಠದಿಂದಲೇ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯು 1884ರಲ್ಲಿ ಹೊಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ಹಳಿ ತೆರೆಯಿತು. ಭೀಮೆಯನ್ನೂ ಕೃಷ್ಣೆಯನ್ನೂ ದಾಟಿದ ಈ ದಾರಿ ಹತ್ತಿಯ ನಾಡನ್ನು, 1877ರಲ್ಲಿ ಮೊದಲ ಗಿರಣಿ ಕಂಡ ಸೊಲ್ಲಾಪುರಕ್ಕೆ ಹತ್ತಿರ ಮಾಡಿತು.

ಆದರೂ ರೈಲು ಎಲ್ಲರ ಬಾಗಿಲಿಗೆ ಬರಲಿಲ್ಲ. ನಿಲ್ದಾಣಗಳ ಹೆಸರು ನೋಡಿರಿ: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. 'ರೋಡ್' ಎಂದರೆ ಊರು ಇನ್ನೂ ದೂರವಿದೆ ಎಂದರ್ಥ! ಸಿಂದಗಿ, ಮುದ್ದೇಬಿಹಾಳಗಳಿಗಂತೂ ಆ ಹಳಿ ಮುಟ್ಟಲೇ ಇಲ್ಲ.

ಇಂದು ಆ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿದೆ. ಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲಶಾಹನ ಹೆಸರು ಮಕ್ಕಳಿಗೂ ಗೊತ್ತು. ಬರದ ನಾಡಿಗೆ ಅನ್ನದ ದಾರಿ ಮಾಡಲು ಮಣ್ಣು ಹೊತ್ತು ಕಲ್ಲು ಕಡಿದವರ ಹೆಸರು ಕೇಳುವವರಿಲ್ಲ. ಹಳೆಯ ನಿಲ್ದಾಣದ ಮುಂದೆ ಅಜ್ಜ ನಿಂತು ತೆಗೆಸಿಕೊಂಡ ಮಾಸಿದ ಪಟವೊಂದು ಯಾರದಾದರೂ ಮನೆಯ ಪೆಟ್ಟಿಗೆಯಲ್ಲಿದ್ದರೆ ಅದನ್ನು ಕಸವೆಂದು ಎಸೆಯದಿರಲಿ. ಅಜ್ಜನ ಬೆನ್ನ ಹಿಂದೆ ಕಾಣುವ ಗೋಡೆ, ಗಂಟೆ, ಹೆಸರು ತಿಳಿಯದ ಹಮಾಲ - ಬಿಗ್ಸನ ಗ್ರಂಥದಲ್ಲಿ ಇಲ್ಲದ ಇತಿಹಾಸ ಅಲ್ಲಿದೆ.