ಬಯಾಸ್ ಕೆಪಾಸಿಟರ್ ಎಂಬ ಬಡಪಾಯಿ

ಅಮೆರಿಕದವರು ಟ್ಯೂಬ್ ಅನ್ನೋದನ್ನ ನಮ್ಮ ಕಡೆ ರೇಡಿಯೋ ರಿಪೇರಿಯವರು ವಾಲ್ವ್ ಅಂತಿದ್ರು. ರೇಡಿಯೋದಿಂದ ಅದು ಮಾಯವಾಗಿ ಎಷ್ಟೋ ಕಾಲವಾಯ್ತು, ಗಿಟಾರ್ ನುಡಿಸುವವರು ಮಾತ್ರ ಇನ್ನೂ ಬಿಟ್ಟಿಲ್ಲ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಅರವತ್ತು ವರ್ಷದ ಆಂಪ್ಲಿಫೈಯರುಗಳನ್ನು ಜನ ಮನೆಯ ಹಿರಿಯರ ಹಾಗೆ ನೋಡ್ಕೋತಾರೆ. ಅಂಥವರೂ ಮರೆಯುವ ಪುಟ್ಟ ವಸ್ತುವೊಂದಿದೆ, ಬಯಾಸ್ ಕೆಪಾಸಿಟರ್.

ಬಯಾಸ್ ಅಂದ್ರೆ ಏನು? ವಾಲ್ವಿನೊಳಗೆ ಎಲೆಕ್ಟ್ರಾನುಗಳು ಕ್ಯಾಥೋಡಿನಿಂದ ಪ್ಲೇಟಿನ ಕಡೆ ಓಡ್ತವೆ. ನಡುವಿನ ಗ್ರಿಡ್ಡಿಗೆ ನೆಗೆಟಿವ್ ವೋಲ್ಟೇಜ್ ಕೊಟ್ಟು ಆ ಓಟಕ್ಕೆ ಲಗಾಮು ಹಾಕಬೇಕು. 1920ರ ದಶಕದ ರೇಡಿಯೋಗಳಲ್ಲಿ ಇದಕ್ಕೆಂದೇ 'ಸಿ' ಬ್ಯಾಟರಿ ಅಂತ ಇರ್ತಿತ್ತು. ಮನೆಯ ಕರೆಂಟಿನ ಸೆಟ್ಟುಗಳು ಬಂದ ಮೇಲೆ ಬ್ಯಾಟರಿ ಹೋಯ್ತು. ಮುಂದೆ ದೊಡ್ಡ ಆಂಪ್ಲಿಫೈಯರುಗಳಲ್ಲಿ ಆ ಕೆಲಸಕ್ಕೆ ರೆಕ್ಟಿಫೈಯರ್, ರೆಸಿಸ್ಟರ್, ಕೆಪಾಸಿಟರ್ ನಿಂತವು.

ಫುಲರ್ಟನ್ ಊರಿನ ಲಿಯೋ ಫೆಂಡರ್ 1950ರ ದಶಕದ ಕೊನೆಗೆ ತಂದ ಬಾಸ್‌ಮನ್ 5ಎಫ್6-ಎ ನೋಡಿ. ಅದರಲ್ಲಿ ಸೆಲೆನಿಯಂ ರೆಕ್ಟಿಫೈಯರ್, ಜೊತೆಗೆ 8 ಮೈಕ್ರೋಫ್ಯಾರಡ್, 150 ವೋಲ್ಟಿನ ಕೆಪಾಸಿಟರ್. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತಂಡ ಇದನ್ನೇ ಮಾದರಿಯಾಗಿಟ್ಟುಕೊಂಡು ಜೆಟಿಎಂ45 ಕಟ್ಟಿತು. ರಾಕ್ ಸಂಗೀತದ ಗದ್ದಲದ ಒಂದು ಬೇರು ಇಲ್ಲಿದೆ!

ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗಿನ ಪಸೆ ವರ್ಷ ಕಳೆದಂತೆ ಒಣಗುತ್ತೆ. ಮೊದಲು ಗುಂಯ್ ಅನ್ನೋ ಸದ್ದು. ಪೂರ್ತಿ ಶಾರ್ಟ್ ಆದ್ರೆ ಲಗಾಮೇ ಇಲ್ಲ: ಪ್ಲೇಟ್ ಕೆಂಪಗೆ ಕಾದು ದುಬಾರಿ ವಾಲ್ವ್ ಹೋಗುತ್ತೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಟ್ಟೀತು.

ಹಾಗಾದ್ರೆ ಬದಲಿಗೆ ಯಾವುದು? 8 ಸಿಗದಿದ್ರೆ 10 ಹಾಕಿ, ತೊಂದರೆಯಿಲ್ಲ. ತೀರಾ ದೊಡ್ಡದು ಹಾಕಿದ್ರೆ ಸ್ವಿಚ್ ಹಾಕಿದಾಗ ಬಯಾಸ್ ನಿಧಾನಕ್ಕೆ ಏರುತ್ತೆ, ಅಷ್ಟರಲ್ಲಿ ವಾಲ್ವ್ ಕಾದಿರುತ್ತೆ. 6ಎಲ್6 ವಾಲ್ವಿನ ಬಯಾಸ್ 50 ವೋಲ್ಟಿನ ಹತ್ತಿರ ಹೋಗೋದುಂಟು, ಆದ್ದರಿಂದ ಕನಿಷ್ಠ 100 ವೋಲ್ಟಿನದು ಇರಲಿ. 105 ಡಿಗ್ರಿ ಶಾಖ ತಡೆಯುವಂಥದ್ದೇ ಒಳ್ಳೇದು. ಎಲ್ಲಕ್ಕಿಂತ ಮುಖ್ಯ, ಇಲ್ಲಿ ವೋಲ್ಟೇಜ್ ನೆಗೆಟಿವ್, ಹಾಗಾಗಿ ಕೆಪಾಸಿಟರಿನ ಪ್ಲಸ್ ತುದಿ ಷಾಸಿಗೆ! ರೂಢಿಯಂತೆ ಮೈನಸ್ಸನ್ನು ಷಾಸಿಗೆ ಕೊಟ್ಟರೆ ಅದು ಸಿಡಿಯಬಹುದು. ಸೆಲೆನಿಯಂ ಬದಲು ಸಿಲಿಕಾನ್ ಡಯೋಡ್ ಹಾಕಿದ್ರೆ ಬಯಾಸೂ ಬದಲಾಗುತ್ತೆ, ಮತ್ತೆ ಅಳೆಯಲೇಬೇಕು.

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಮೀರಿ ಉಳಿದಿರಬಹುದು. ಪ್ರಾಣ ತೆಗೆಯೋಕೆ ಅಷ್ಟು ಸಾಕು. ಗೊತ್ತಿಲ್ಲದವರು ಕೈ ಹಾಕ್ಬೇಡಿ, ಗೊತ್ತಿದ್ದವರಿಗೆ ಕೊಡಿ.

ಒರಿಜಿನಲ್ ಭಾಗ ತೆಗೆದ್ರೆ ಬೆಲೆ ಬೀಳುತ್ತೆ ಅಂತ ಹಿಂಜರಿಯುವವರಿದ್ದಾರೆ. ಕಪಾಟಿನಲ್ಲಿಟ್ಟ ಹಳೇ ಸ್ಟಾಕೂ ಒಣಗಿರುತ್ತೆ ಕಣ್ರೀ, ಅದನ್ನು ಹುಡುಕಿ ಹಾಕೋದ್ರಲ್ಲಿ ಅರ್ಥವಿಲ್ಲ. ಬಿಚ್ಚಿದ್ದನ್ನು ಚೀಟಿ ಬರೆದು ಒಂದು ಕವರಿನಲ್ಲಿಟ್ಟು ಆಂಪಿನೊಳಗೇ ಅಂಟಿಸಿ. ಇತಿಹಾಸ ಕವರಿನಲ್ಲಿರಲಿ, ಹಾಡು ಹೊಸ ಕೆಪಾಸಿಟರಿನಿಂದ ಬರಲಿ. ನೀವೇನಂತೀರಿ?