ಜಮಾ-ಖರ್ಚು ಕಿವಿಗೆ ಕೇಳಿಸಿದ ಕಥೆ

ಕೊಳ್ಳೇಗಾಲ ಕಡೆಯ ಒಂದು ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿಗೆ ತಿಂಗಳಿಗೊಮ್ಮೆ ಜಮಾ-ಖರ್ಚಿನ ಹಾಳೆ ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿ, ಪ್ರಿಂಟ್ ತೆಗೆದು, ಅದರ ಫೋಟೊ ಹೊಡೆದು ಹಾಕುತ್ತಾರೆ. ಉಳಿದವರೆಲ್ಲ ನೋಡಿ ಹೆಬ್ಬೆಟ್ಟಿನ ಗುರುತು ಒತ್ತುತ್ತಾರೆ. ಕಣ್ಣು ಕಾಣದ ಒಬ್ಬ ಸದಸ್ಯೆಯ ಫೋನು ಮಾತ್ರ 'ಫೋಟೊ' ಎಂದು ಹೇಳಿ ಸುಮ್ಮನಾಗುತ್ತದೆ. ಸಾಲ ಎಷ್ಟು ತೀರಿತು, ಬಡ್ಡಿ ಎಷ್ಟು ಹಿಡಿದರು ಎಂದು ತಿಳಿಯಲು ಮಗ ಶಾಲೆಯಿಂದ ಬರುವ ತನಕ ಕಾಯಬೇಕು. "ಕಾಸು ನಂದು, ಲೆಕ್ಕವ ಮಾತ್ರ ಬ್ಯಾರೇರ ಬಾಯ್ಲಿ ಕೇಳ್ಬೇಕು ಕನಪ್ಪ" ಎಂದರು ಆ ಅಕ್ಕ.

ಈ ಮಾತು ಹಿಡಿದುಕೊಂಡು ನಾವು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದೆವು.

ಲೆಕ್ಕವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಪಕ್ಕದ ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು ಎರಡೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಆ ಕಡೆ ಕರಣಂ, ಈ ಕಡೆ ಶಾನುಭೋಗ. ಪುಸ್ತಕ ಬೇರೆ ಬೇರೆ, ರೈತನ ಪಾಡು ಒಂದೇ. ಓದು ಬಾರದವನಿಗೆ ಅವರು ಹೇಳಿದ್ದೇ ಲೆಕ್ಕ. ಓದು ಬಾರದವನು ಕಲಿಯಬಹುದಿತ್ತು. ಕಣ್ಣು ಕಾಣದವನಿಗೆ ಆ ದಾರಿಯೂ ಇರಲಿಲ್ಲ.

ದಾರಿ ಮಾಡಿದವನು ಫ್ರಾನ್ಸಿನ ಹುಡುಗ ಲೂಯಿ ಬ್ರೈಲ್. 1824ರಲ್ಲಿ, ಹದಿನೈದರ ವಯಸ್ಸಿಗೆ, ಆರು ಚುಕ್ಕಿಗಳಲ್ಲಿ ಅಕ್ಷರ ಬರೆಯುವ ಕ್ರಮ ಕಟ್ಟಿದ. ನಮಗೆ ಹತ್ತಿರದ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಅಂಧ, ಕಿವುಡ ಮಕ್ಕಳಿಗೆ ಶಾಲೆ ತೆರೆದರು. ದೇಶದ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಅದರಲ್ಲಿ ಕನ್ನಡದ 'ಕ'ಗೂ ಇಂಗ್ಲಿಷಿನ 'ಕೆ'ಗೂ ಚುಕ್ಕಿ ಒಂದೇ. ಲೆಕ್ಕ ಮಾಡಲು ಟೇಲರ್ ಫ್ರೇಮ್ ಎಂಬ ತೂತಿನ ಹಲಗೆ ಇತ್ತು. ಆದರೆ ಬ್ರೈಲಿನಲ್ಲಿ ಉದ್ದಗಲದ ಖಾತೆ ಪುಸ್ತಕ ಬರೆಯುವುದು ಕಷ್ಟ. ಒಂದು ಅಂಕಿ ತಪ್ಪಿದರೆ ಒತ್ತಿದ ಚುಕ್ಕಿ ಅಳಿಸುವುದೂ ಕಷ್ಟ. ಮೇಲಾಗಿ ಕಚೇರಿಯ ಪುಸ್ತಕ ಬ್ರೈಲಿನಲ್ಲಿ ಇರುತ್ತಿರಲಿಲ್ಲವಲ್ಲ.

ಕಂಪ್ಯೂಟರ್ ಬಂದಾಗ ವಿಚಿತ್ರವೊಂದು ನಡೆಯಿತು. ಹಳೆಯ ಡಾಸ್ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಬರೀ ಅಕ್ಷರ ಇರುತ್ತಿತ್ತು. ಅಕ್ಷರವನ್ನು ಯಂತ್ರದ ದನಿಯಲ್ಲಿ ಓದಿಸುವುದು ಸುಲಭ. ಅಮೆರಿಕದ ಟೆಡ್ ಹೆಂಟರ್ ಎಂಬ ಮೋಟರ್‌ಸೈಕಲ್ ರೇಸುಗಾರ 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡ. ಆತನ ಕಂಪನಿ 1989ರಲ್ಲಿ ಡಾಸ್‌ಗಾಗಿ 'ಜಾಸ್' ಎಂಬ ಓದುವ ತಂತ್ರಾಂಶ ತಂದಿತು. ಹೆಸರಿನ ಮೊದಲ ಪದವೇ 'ಕೆಲಸ'. ನೌಕರಿ ಮಾಡುವವರಿಗಾಗಿಯೇ ಮಾಡಿದ್ದು. ಅಷ್ಟರಲ್ಲಿ ವಿಂಡೋಸ್ ಬಂತು, ಪರದೆ ತುಂಬ ಚಿತ್ರ, ಗುಂಡಿ, ಮೌಸ್. ಓದುವ ತಂತ್ರಾಂಶಕ್ಕೆ ಓದಲು ಅಕ್ಷರವೇ ಸಿಗದ ಸ್ಥಿತಿ. 1995ರಲ್ಲಿ ವಿಂಡೋಸ್‌ಗೂ ಜಾಸ್ ಬಂದರೂ ಬೆಲೆ ಸಾವಿರ ಡಾಲರ್ ಆಸುಪಾಸು. ಹನೂರಿನ ಹುಡುಗನೊಬ್ಬ ಅದನ್ನು ಕೊಳ್ಳುವುದು ಕನಸಿನ ಮಾತು.

ಆ ಬೆಲೆಯ ಗೋಡೆ ಒಡೆದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು. ಮೈಕೆಲ್ ಕರನ್, ಜೇಮ್ಸ್ ಟೆ. ಚಿಕ್ಕವರಿದ್ದಾಗ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಪರಿಚಯವಾದವರು. ಕರನ್ 2006ರಲ್ಲಿ 'ಎನ್‌ವಿಡಿಎ' ಶುರು ಮಾಡಿದರು, ಟೆ ಜೊತೆಗೂಡಿದರು. ಪೂರ್ತಿ ಉಚಿತ. ಇದರ ಜೊತೆ ಬರುವ 'ಇಸ್ಪೀಕ್' ದನಿ ಕನ್ನಡವನ್ನೂ ಓದುತ್ತದೆ. ಮೊದಲ ಸಲ ಕೇಳಿದವರಿಗೆ ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗಿರುತ್ತದೆ, ಕಿವಿಗೆ ಒಗ್ಗಿದ ಮೇಲೆ ಅದೇ ಸಾಕು ಅನ್ನುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡವೂ ಕನ್ನಡ ಓದುವ ದನಿಯ ಮೇಲೆ ಕೆಲಸ ಮಾಡಿತು. ಬೆಂಗಳೂರಿನಲ್ಲೇ ಮಧು ಸಿಂಘಾಲ್ ಅವರ ಮಿತ್ರಜ್ಯೋತಿ, 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ ಅಂಧರಿಗೆ ಕಂಪ್ಯೂಟರ್ ಕಲಿಸುತ್ತ ಬಂದಿವೆ.

ಇಲ್ಲಿಗೆ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ಕನ್ನಡಕ್ಕೇ ಒಂದು ಗಂಟಿತ್ತು, ಇನ್ನೂ ಇದೆ. ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ನಾವೆಲ್ಲ ಕಲಿತದ್ದು ಹಳೆಯ ಫಾಂಟಿನಲ್ಲಿ ಟೈಪ್ ಮಾಡುವುದನ್ನು. ನುಡಿ, ಬರಹದ ಆ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ 'ಕನ್ನಡ' ಎಂದು ಕಂಡರೂ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟಿರುವ 'ಎ', ಪೌಂಡಿನ ಚಿಹ್ನೆ, ಇಂಥವು. ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ವೇಷ ಕಾಣುವುದು ಕಣ್ಣಿಗೆ ಮಾತ್ರ. ಓದುವ ತಂತ್ರಾಂಶ ಒಳಗಿದ್ದದ್ದನ್ನೇ ಓದುತ್ತದೆ, ಕೇಳುವವರಿಗೆ ಗೊಜಗೊಜ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ 'ಕ'ಗೆ 'ಕ'ದ್ದೇ ಸಂಖ್ಯೆ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡ ಇತ್ತು. ನಾವು ಬಳಸಲು ತಡ ಮಾಡಿದೆವು, ಅಷ್ಟೆ. ಇವತ್ತಿಗೂ ಎಷ್ಟೋ ವರದಿ, ಸುತ್ತೋಲೆಗಳು ಹಳೆಯ ಫಾಂಟಿನಲ್ಲೇ ಬರುತ್ತವೆ.

ವ್ಯಾಪಾರದ ಲೆಕ್ಕಕ್ಕೆ ಬಂದರೆ ನಮ್ಮ ರಾಜ್ಯದ ಹೆಸರು ದೊಡ್ಡದು. ಅಂಗಡಿ, ರೇಷ್ಮೆ ವ್ಯಾಪಾರಿ, ಆಡಿಟರ್ ಕಚೇರಿ ಎಲ್ಲ ಕಡೆ ಕಾಣುವ ಟ್ಯಾಲಿಯನ್ನು 1986ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದವರು ಶ್ಯಾಮ್ ಸುಂದರ್ ಗೋಯೆಂಕಾ, ಅವರ ಮಗ ಭರತ್. ಮೌಸ್ ಮುಟ್ಟದೆ ಬರೀ ಕೀಲಿಗಳಲ್ಲೇ ಅದನ್ನು ಓಡಿಸುವವರನ್ನು ನೀವೂ ನೋಡಿರುತ್ತೀರಿ. ಮೌಸಿನ ಬಾಣ ಎಲ್ಲಿದೆ ಎಂದು ಕಾಣದವರಿಗೆ, ಕೈ ನಡುಗುವವರಿಗೆ ಕೀಲಿಯೇ ಆಧಾರ. ಆದರೆ ಕೀಲಿ ಒಂದೇ ಸಾಲದು. ಯಾವುದೇ ಲೆಕ್ಕದ ತಂತ್ರಾಂಶ 'ಈ ಮನೆಯಲ್ಲಿರುವುದು ಇಂಥ ಅಂಕಿ, ಇದರ ತಲೆಬರಹ ಇಂಥದ್ದು' ಎಂದು ಓದುವ ತಂತ್ರಾಂಶಕ್ಕೆ ಒಳಗಿಂದ ತಿಳಿಸಬೇಕು. ತಿಳಿಸದಿದ್ದರೆ '4,200' ಎಂದು ಕೇಳುತ್ತದೆ, ಅದು ಬಂದದ್ದೋ ಕೊಟ್ಟದ್ದೋ ಗೊತ್ತಾಗುವುದಿಲ್ಲ.

ಈಚಿನ ವರದಿಗಳಲ್ಲಿ ಬಣ್ಣದ ಕಂಬ, ಗೋಲ ಚಿತ್ರಗಳ ಕಾರುಬಾರು ಹೆಚ್ಚು. ಮೈಕ್ರೋಸಾಫ್ಟಿನ ಪವರ್ ಬಿಐ 2015ರಲ್ಲಿ ಎಲ್ಲರ ಬಳಕೆಗೆ ಬಂತು. ಅದರಲ್ಲಿ ಈಗ ಚಿತ್ರಕ್ಕೆ ವಿವರಣೆ ಬರೆಯಬಹುದು, ಟ್ಯಾಬ್ ಒತ್ತಿದಾಗ ಯಾವುದು ಮೊದಲು ಓದಬೇಕು ಎಂದು ಗೊತ್ತು ಮಾಡಬಹುದು, ಚಿತ್ರವನ್ನು ಪಟ್ಟಿಯಾಗಿ ತಿರುಗಿಸಿ ಕೇಳಬಹುದು. ಹೆಚ್ಚು ಗಾಢ ಬಣ್ಣದ ಪರದೆಯೂ ಇದೆ, ದೃಷ್ಟಿ ಮಂದವಾದವರಿಗೆ. ಆದರೆ ವಿವರಣೆಯನ್ನು ವರದಿ ಮಾಡುವವನೇ ಬರೆಯಬೇಕು. ಕೆಂಪು ಎಂದರೆ ನಷ್ಟ, ಹಸಿರು ಎಂದರೆ ಲಾಭ ಎಂದು ಬಣ್ಣದಲ್ಲೇ ಹೇಳಿ ಮುಗಿಸಿದರೆ ಕೆಂಪು-ಹಸಿರು ಗುರುತು ಹತ್ತದ ಗಂಡಸರಿಗೂ (ಇವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ) ತಿಳಿಯುವುದಿಲ್ಲ.

ಕಾನೂನಿನ ಕಥೆ ಚಿಕ್ಕದಾಗಿ ಹೇಳುತ್ತೇವೆ. 1995ರ ಕಾಯ್ದೆ ಏಳು ಬಗೆಯ ಅಂಗವಿಕಲತೆ ಗುರುತಿಸಿತ್ತು, 2016ರ ಕಾಯ್ದೆ 21 ಬಗೆ ಗುರುತಿಸಿತು. ಸರ್ಕಾರಿ ಇರಲಿ ಖಾಸಗಿ ಇರಲಿ, ಸೇವೆ ಕೊಡುವವರೆಲ್ಲ ಅಂಗವಿಕಲರಿಗೂ ಎಟುಕುವ ಹಾಗೆ ಕೊಡಬೇಕು ಎಂದಿತು. ಆದರೆ ಅದರ ನಿಯಮಗಳು ಬರೀ ಸಲಹೆಯ ಹಾಗಿದ್ದವು. ದೃಷ್ಟಿಹೀನರಾದ ರಾಜೀವ್ ರತೂರಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಅದಕ್ಕೆ ಸಂಬಂಧಿಸಿದ 15ನೇ ನಿಯಮವನ್ನು ತಳ್ಳಿಹಾಕಿ, ಪಾಲಿಸಲೇಬೇಕಾದ ನಿಯಮ ಮಾಡಿ ಎಂದಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

ಇನ್ನು ನಮ್ಮ ತಪ್ಪು. ಮಳೆ, ಬೆಲೆ, ಮತ ಎಣಿಕೆ ಯಾವುದೇ ಇರಲಿ, ನಾವು ಅಂಕಿಗಳನ್ನು ಬಣ್ಣದ ಚೌಕದೊಳಗೆ ಬರೆದು ಚಿತ್ರ ಮಾಡಿ ಹಾಕುತ್ತಿದ್ದೆವು. ಚೆನ್ನಾಗಿ ಕಾಣುತ್ತದೆ, ಬೇಗ ಹಂಚಿಕೆಯಾಗುತ್ತದೆ ಎಂದು. ಆ ಅಕ್ಕನ ಫೋನಿನಲ್ಲಿ ನಮ್ಮದೇ ಪುಟ ತೆರೆದು ಕೇಳಿದೆವು. 'ಫೋಟೊ', 'ಫೋಟೊ', 'ಫೋಟೊ'. ಈಗ ಅಂಕಿಗಳನ್ನು ಕೆಳಗೆ ಅಕ್ಷರದಲ್ಲೂ ಬರೆಯುತ್ತಿದ್ದೇವೆ. ಮರೆತರೆ ಹೇಳಿ.

ಸಂಘದ ಲೆಕ್ಕ ಬರೆಯುವ ಹುಡುಗಿಯ ಜೊತೆಗೂ ಕೂತೆವು. ದೊಡ್ಡ ತಂತ್ರಾಂಶ ಏನೂ ಬೇಕಾಗಲಿಲ್ಲ. ಫೋಟೊದ ಜೊತೆ ಯೂನಿಕೋಡಿನಲ್ಲಿ ಒಂದು ಮೆಸೇಜ್, ಒಬ್ಬರಿಗೆ ಒಂದು ಸಾಲು: ಹೆಸರು, ಕಟ್ಟಿದ್ದು ಇಷ್ಟು, ಬಡ್ಡಿ ಇಷ್ಟು, ಉಳಿದದ್ದು ಇಷ್ಟು. ಹತ್ತು ನಿಮಿಷ ಹಿಡಿಯಿತು. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ತಮ್ಮ ಸಾಲನ್ನು ಎರಡು ಸಲ ಕೇಳಿದರು. ಆಮೇಲೆ ಎಲ್ಲರ ಸಾಲನ್ನೂ ಕೇಳಿದರು. ಸಂಜೆ ಗ್ರೂಪಿಗೆ ಅವರದೇ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು: "ಕೊನೇಲಿ ಇತರೆ ಖರ್ಚು 350 ಅಂತ ಅದಲ್ಲ, ಅದು ಯಾತಕ್ಕೆ?"

ಆ ಹಾಳೆಯನ್ನು ಅಷ್ಟು ತಿಂಗಳಿಂದ ಕಣ್ಣಿದ್ದವರು ಯಾರೂ ಅದನ್ನು ಕೇಳಿರಲಿಲ್ಲ.